ಸೀಮೆಸುಣ್ಣದ ಗೋಡೆ, ಚಕಮಕಿ ಕಲ್ಲಿನ ದಂಡೆ

ಎತ್ರೆತಾದ ಬೀಚಿಗೆ ನಾನು ಚಪ್ಪಲಿಯಲ್ಲಿ ಹೋಗಿದ್ದೆ. ಹತ್ತು ಹೆಜ್ಜೆಗೇ ಬುದ್ಧಿ ಬಂತು. ಕಾಲಿಟ್ಟಲ್ಲೆಲ್ಲ ಕಲ್ಲು ಜಾರುತ್ತದೆ. ಒಂದು ಹೆಜ್ಜೆ ಮುಂದಿಟ್ಟರೆ ಅರ್ಧ ಹೆಜ್ಜೆ ಹಿಂದಕ್ಕೆ. ಎಲ್ಲಿ ನೋಡಿದರೂ ಗುಂಡುಕಲ್ಲು. ನೆಲ್ಲಿಕಾಯಿ ಗಾತ್ರದಿಂದ ಹಿಡಿದು ಮಾವಿನಹಣ್ಣಿನ ಗಾತ್ರದವರೆಗೆ, ಬೂದಿ ಬಣ್ಣದವು, ನೀಲಿ ಛಾಯೆಯವು, ಕಂದು ಬಣ್ಣದವು. ಮರಳು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ತಲೆ ಎತ್ತಿದರೆ ಎರಡೂ ಕಡೆ ಬಿಳಿ ಗೋಡೆಯಂತೆ ಎದ್ದು ನಿಂತ ಕಡಿದಾದ ಬಂಡೆ. ಇಷ್ಟು ಬೆಳ್ಳಗಿರುವ ಗುಡ್ಡದ ಬುಡದಲ್ಲಿ ಇಷ್ಟು ಕಪ್ಪು-ಬೂದಿ ಕಲ್ಲು ಎಲ್ಲಿಂದ ಬಂತು? ಯಾರಾದರೂ ಲಾರಿಯಲ್ಲಿ ತಂದು ಸುರಿದರಾ ಅನ್ನಿಸುತ್ತದೆ.

ಯಾರೂ ತರಲಿಲ್ಲ. ಆ ಬಿಳಿ ಗುಡ್ಡವೇ ಹೆತ್ತ ಕಲ್ಲುಗಳು ಅವು. ಹೇಗೆ ಅಂತ ಗೊತ್ತಾದರೆ ಈ ಊರಿನ ಬಾಕಿ ಕಥೆಯೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಮೊದಲು ಜಾಗ ಎಲ್ಲಿ ಅಂತ ಹೇಳಿಬಿಡುತ್ತೇನೆ. ಎತ್ರೆತಾ ಇರುವುದು ಫ್ರಾನ್ಸಿನ ನಾರ್ಮಂಡಿಯಲ್ಲಿ, ಇಂಗ್ಲಿಷ್ ಚಾನೆಲ್ ದಂಡೆಯ ಮೇಲೆ. ಲೆ ಹಾವ್ರ್ ಬಂದರಿನಿಂದ ಸುಮಾರು ಮೂವತ್ತು ಕಿಲೋಮೀಟರ್. ಹಳೇ ಮೀನುಗಾರರ ಊರು. 19ನೇ ಶತಮಾನದಲ್ಲಿ ಪ್ಯಾರಿಸ್ಸಿನ ಚಿತ್ರಕಾರರು, ಬರಹಗಾರರು ಬರತೊಡಗಿದ ಮೇಲೆ ಪ್ರವಾಸಿಗರ ಊರಾಯಿತು. ಸಮುದ್ರಕ್ಕೆ ಮುಖ ಮಾಡಿ ನಿಂತರೆ ಎಡಗಡೆಯ ಬಂಡೆಗೆ ಅವಾಲ್, ಬಲಗಡೆಯದಕ್ಕೆ ಅಮೋಂ ಎಂದು ಹೆಸರು. ನಡುವೆ ಸುಮಾರು ಒಂದು ಕಿಲೋಮೀಟರ್ ಉದ್ದದ ಬೀಚು. ಲೆ ಹಾವ್ರ್‌ನಿಂದ ಲೆ ತ್ರೆಪೋರ್‌ವರೆಗೆ ನೂರಕ್ಕೂ ಜಾಸ್ತಿ ಕಿಲೋಮೀಟರ್ ಉದ್ದಕ್ಕೆ ಇಂಥದೇ ಬಿಳಿ ಗೋಡೆ ಸಾಗುತ್ತದೆ. ಅದಕ್ಕೆ ಅಲಬಾಸ್ಟರ್ ತೀರ ಅನ್ನುತ್ತಾರೆ. ಅಲಬಾಸ್ಟರ್ ಅಂದರೆ ಶಿಲ್ಪ ಕೆತ್ತಲು ಬಳಸುವ ಒಂದು ಬಿಳಿ ಕಲ್ಲು. ಹೆಸರು ಚೆನ್ನಾಗಿದೆ, ಆದರೆ ತಪ್ಪು. ಅಲ್ಲಿರುವುದು ಅಲಬಾಸ್ಟರ್ ಅಲ್ಲ, ಸೀಮೆಸುಣ್ಣ.

ಹೌದು, ಶಾಲೆಯ ಬೋರ್ಡಿನ ಮೇಲೆ ಬರೆಯುವ ಸೀಮೆಸುಣ್ಣ. ಕನ್ನಡದ ಈ ಪದವನ್ನು ಒಮ್ಮೆ ಬಿಡಿಸಿ ನೋಡಿ. ಸೀಮೆಎಣ್ಣೆ, ಸೀಮೆಹಸು ಇದ್ದಂತೆ ಸೀಮೆಸುಣ್ಣ. ಪರದೇಶದಿಂದ ಬಂದ ಸುಣ್ಣ. ಈಗ ಅಂಗಡಿಯಲ್ಲಿ ಸಿಗುವ ಕಡ್ಡಿಗಳು ಬಹುತೇಕ ಜಿಪ್ಸಮ್ಮಿನವು, ಅದು ಬೇರೆ ವಸ್ತು. ಅಸಲಿ ಸೀಮೆಸುಣ್ಣ ಅಂದರೆ ಈ ಗುಡ್ಡ. ಬಿದ್ದ ಒಂದು ಚೂರು ಎತ್ತಿಕೊಂಡು ಕಾಂಕ್ರೀಟ್ ಗೋಡೆಯ ಮೇಲೆ ಗೀಚಿದೆ. ಗೆರೆ ಮೂಡಿತು. ಬೆರಳಿಗೆ ಬಿಳಿ ಪುಡಿ ಹತ್ತಿತು.

ಆ ಪುಡಿಯೇ ವಿಷಯ. ನಮ್ಮ ಕರಾವಳಿಯಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದರಲ್ಲ, ಇಲ್ಲಿಯ ಸುಣ್ಣವೂ ಚಿಪ್ಪಿನದೇ. ಆದರೆ ಚಿಪ್ಪು ಕಣ್ಣಿಗೆ ಕಾಣದಷ್ಟು ಸಣ್ಣದು. ಸಮುದ್ರದ ಮೇಲ್ಪದರದಲ್ಲಿ ತೇಲುವ ಒಂದೇ ಜೀವಕೋಶದ ಪಾಚಿಗಳಿವೆ. ಅವು ಮೈಗೆ ಸುಣ್ಣದ ಬಿಲ್ಲೆಗಳನ್ನು ಹೊದ್ದುಕೊಳ್ಳುತ್ತವೆ. ಒಂದೊಂದು ಬಿಲ್ಲೆಯೂ ಮಿಲಿಮೀಟರಿನ ಸಾವಿರದ ಕೆಲವು ಪಾಲಿನಷ್ಟು ಅಗಲ. ಒಂದು ಮಿಲಿಮೀಟರ್ ಉದ್ದಕ್ಕೆ ಸಾಲಾಗಿ ಜೋಡಿಸಲು ಒಂದಿನ್ನೂರಾದರೂ ಬೇಕು. ಪಾಚಿ ಸತ್ತಾಗ ಬಿಲ್ಲೆಗಳು ತಳಕ್ಕೆ ಇಳಿಯುತ್ತವೆ. ಸುಮಾರು 9 ಕೋಟಿ ವರ್ಷದ ಹಿಂದೆ, ಡೈನೋಸಾರ್‌ಗಳು ಓಡಾಡುತ್ತಿದ್ದ ಕಾಲದಲ್ಲಿ, ಯುರೋಪಿನ ದೊಡ್ಡ ಭಾಗ ಬೆಚ್ಚಗಿನ ಸಮುದ್ರದ ಅಡಿಯಲ್ಲಿತ್ತು. ನದಿಗಳು ತರುವ ಕೆಸರು ಅಷ್ಟು ದೂರ ಬರುತ್ತಿರಲಿಲ್ಲ. ಹಾಗಾಗಿ ತಳದಲ್ಲಿ ಈ ಬಿಳಿ ಹಿಟ್ಟು ಬಿಟ್ಟರೆ ಬೇರೇನೂ ಬೀಳಲಿಲ್ಲ. ಸಾವಿರ ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಲೆಕ್ಕದಲ್ಲಿ ಬೀಳುತ್ತಲೇ ಹೋಯಿತು. ಎರಡು ಸೆಂಟಿಮೀಟರ್ ಅಂತಲೇ ಹಿಡಿಯಿರಿ. ಎಂಬತ್ತು ಮೀಟರ್ ಎತ್ತರದ ಬಂಡೆಗೆ 40 ಲಕ್ಷ ವರ್ಷ ಬೇಕು. ಚಾನೆಲಿನ ಆಚೆ ದಡದಲ್ಲಿ, ಇಂಗ್ಲೆಂಡಿನ ಡೋವರಿನಲ್ಲಿ ಕಾಣುವ ಬಿಳಿ ಬಂಡೆಯೂ ಇದೇ ಹಾಸಿನ ಇನ್ನೊಂದು ತುದಿ. ನಡುವಿನ ನೀರು ಆಮೇಲೆ ಬಂದದ್ದು.

ಇನ್ನು ಕಪ್ಪು ಕಲ್ಲಿಗೆ ಬರೋಣ. ಬಂಡೆಯನ್ನು ಸ್ವಲ್ಪ ದೂರದಿಂದ ನೋಡಿದರೆ ರೂಲು ಹಾಕಿದ ನೋಟ್‌ಬುಕ್ಕಿನ ಹಾಳೆ ನೆನಪಾಗುತ್ತದೆ. ಬಿಳಿ ಮೈಮೇಲೆ ಅಡ್ಡಡ್ಡ ಕಪ್ಪು ಗೆರೆಗಳು, ಒಂದರ ಮೇಲೊಂದು. ಪ್ರತಿ ಗೆರೆಯೂ ಕಲ್ಲಿನ ಗಂಟುಗಳ ಸಾಲು. ಆ ಕಲ್ಲು ಚಕಮಕಿ ಕಲ್ಲು. ಅಜ್ಜಂದಿರ ಕಾಲದಲ್ಲಿ ಉಕ್ಕಿಗೆ ಕುಟ್ಟಿ ಬೆಂಕಿ ಮಾಡುತ್ತಿದ್ದ ಜಾತಿಯ ಕಲ್ಲು.

ಸುಣ್ಣದೊಳಗೆ ಚಕಮಕಿ ಹುಟ್ಟುವ ಬಗೆ ಮಜವಾಗಿದೆ. ಆ ಸಮುದ್ರದ ತಳದಲ್ಲಿ ಸ್ಪಂಜುಗಳು ಬೆಳೆಯುತ್ತಿದ್ದವು. ಬಹಳಷ್ಟು ಸ್ಪಂಜುಗಳ ಅಸ್ಥಿಪಂಜರ ಸುಣ್ಣದ್ದಲ್ಲ, ಸಿಲಿಕಾದ್ದು. ಅಂದರೆ ಗಾಜು ಮಾಡುವ ವಸ್ತು. ಅವು ಸತ್ತು ಕೆಸರಿನಲ್ಲಿ ಹೂತಾಗ ಆ ಸಿಲಿಕಾ ನಿಧಾನಕ್ಕೆ ಕರಗಿ, ಕೆಸರಿನೊಳಗಿನ ನೀರಿನಲ್ಲಿ ಸೇರಿಕೊಂಡಿತು. ಅದೇ ಕೆಸರಿನಲ್ಲಿ ಸೀಗಡಿಯಂಥ ಜೀವಿಗಳು ಬಿಲ ತೋಡಿದ್ದವು. ಬಿಲದೊಳಗಿನ ವಾತಾವರಣ ಸುತ್ತಲಿನ ಕೆಸರಿಗಿಂತ ಬೇರೆ. ಅಲ್ಲಿ ಕೊಳೆತ ಜೈವಿಕ ವಸ್ತು ಜಾಸ್ತಿ, ಅದರಿಂದ ರಾಸಾಯನಿಕ ಹದವೂ ಬೇರೆ. ಆ ಹದದಲ್ಲಿ ಸುಣ್ಣ ಕರಗಿತು, ಅದರ ಜಾಗದಲ್ಲಿ ಸಿಲಿಕಾ ಗಟ್ಟಿಯಾಗುತ್ತಾ ಬಂತು. ಹೀಗೆ ಬಿಲವೇ ಅಚ್ಚಾಯಿತು. ಅದಕ್ಕೇ ಬಂಡೆಯಿಂದ ಆಗಷ್ಟೇ ಉದುರಿದ ಚಕಮಕಿ ಗಂಟು ಉರುಟಾಗಿರುವುದಿಲ್ಲ. ಶುಂಠಿ ಬೇರಿನ ಹಾಗೆ ಕವಲು ಕವಲಾಗಿ, ಮೊಂಡು ಮೊಂಡಾಗಿ ಇರುತ್ತದೆ. ಕೈಯಲ್ಲಿ ಹಿಡಿದದ್ದು ಕಲ್ಲು ಅಂದುಕೊಂಡಿರುತ್ತೀರಿ. ಅದು 9 ಕೋಟಿ ವರ್ಷ ಹಳೆಯ ಒಂದು ಸೀಗಡಿಯ ಮನೆಯ ಎರಕ.

ಗೆರೆಗಳು ಯಾಕೆ ಅಷ್ಟು ಸಾಲಾಗಿವೆ? ಸೂರ್ಯನ ಸುತ್ತ ಭೂಮಿ ತಿರುಗುವ ದಾರಿ, ಅದರ ಅಕ್ಷದ ಓಲಾಟ ಎರಡೂ ಹತ್ತಾರು ಸಾವಿರ ವರ್ಷಕ್ಕೊಮ್ಮೆ ಬದಲಾಗುತ್ತಾ ಹವಾಮಾನವನ್ನು ಅತ್ತಿತ್ತ ತೂಗುತ್ತವೆ. ಸಮುದ್ರ ತಳದ ಹದವೂ ಅದಕ್ಕೆ ತಕ್ಕಂತೆ ಬದಲಾಗಿ ಗೆರೆ ಮೂಡಿತು ಅನ್ನುವುದು ಭೂವಿಜ್ಞಾನಿಗಳ ವಿವರಣೆ. ಒಂದು ಗೆರೆಯಿಂದ ಮುಂದಿನ ಗೆರೆಗೆ ಕಣ್ಣು ಜಾರಿಸುವಷ್ಟರಲ್ಲಿ ಇಪ್ಪತ್ತು, ನಲವತ್ತು ಸಾವಿರ ವರ್ಷ ಕಳೆದಿರುತ್ತದೆ.

ಈಗ ಎರಡು ವಸ್ತು ಕೈಯಲ್ಲಿವೆ. ಉಗುರಿಗೇ ಪುಡಿಯಾಗುವ ಸುಣ್ಣ ಒಂದು, ಚಾಕುವಿನಿಂದ ಗೀಚಿದರೂ ಗೆರೆ ಬೀಳದ ಚಕಮಕಿ ಇನ್ನೊಂದು. ಎರಡನ್ನೂ ಸಮುದ್ರದ ಬಾಯಿಗೆ ಹಾಕಿದರೆ ಏನಾಗುತ್ತೆ?

ಅಲೆ ಬಂಡೆಯ ಬುಡವನ್ನು ಕೊರೆಯುತ್ತದೆ. ಮೇಲಿನಿಂದ ಮಳೆನೀರು ಬಿರುಕುಗಳಲ್ಲಿ ಇಳಿಯುತ್ತದೆ. ಚಳಿಗಾಲದಲ್ಲಿ ಆ ನೀರು ಹೆಪ್ಪುಗಟ್ಟಿ ಬಿರುಕನ್ನು ಇನ್ನಷ್ಟು ಅಗಲ ಮಾಡುತ್ತದೆ. ಒಂದು ದಿನ ಬಂಡೆಯ ಒಂದು ಪಾಲು ಕುಸಿಯುತ್ತದೆ. ಈ ತೀರ ಒಟ್ಟಾರೆ ವರ್ಷಕ್ಕೆ ಸರಾಸರಿ ಸುಮಾರು 20 ಸೆಂಟಿಮೀಟರ್ ಹಿಂದೆ ಸರಿಯುತ್ತಿದೆ. ಸರಾಸರಿ ಅನ್ನುವುದು ಮೋಸದ ಮಾತು. ಇಪ್ಪತ್ತು ವರ್ಷ ಏನೂ ಆಗದೆ, ಒಂದೇ ರಾತ್ರಿಗೆ ಹಲವು ಮೀಟರ್ ಹೋಗಬಹುದು. ಕುಸಿದ ರಾಶಿ ಕೆಲವು ಕಾಲ ಬುಡದಲ್ಲಿ ಬಿದ್ದಿರುತ್ತದೆ. ಆ ದಿನಗಳಲ್ಲಿ ಸುತ್ತಲಿನ ಸಮುದ್ರ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಸುಣ್ಣ ಹಿಟ್ಟಾಗಿ ನೀರಲ್ಲಿ ಕದಡಿ ಹೋಗುತ್ತಿರುತ್ತದೆ. ಉಳಿಯುವುದು ಚಕಮಕಿ ಗಂಟುಗಳು ಮಾತ್ರ. ಕುಸಿದ ರಾಶಿಯಲ್ಲಿ ಅವುಗಳದ್ದು ಸಣ್ಣ ಪಾಲು. ಬೀಚು ಅಂದರೆ ಆ ಜರಡಿಯಲ್ಲಿ ಉಳಿದ ಜಲ್ಲಿ.

ಮರಳು ಯಾಕಿಲ್ಲ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಗೋಕರ್ಣ, ಮಲ್ಪೆಯ ಮರಳನ್ನು ನೆನಪಿಸಿಕೊಳ್ಳಿ. ಗ್ರಾನೈಟಿನಂಥ ಬಂಡೆಗಳಲ್ಲಿ ಸಕ್ಕರೆ ಹರಳಿನಷ್ಟು ದಪ್ಪದ ಬೆಣಚು ಮೊದಲೇ ಇರುತ್ತದೆ. ಬಂಡೆ ಸವೆದಾಗ ಅದು ಬಿಡಿಯಾಗುತ್ತದೆ, ಹೊಳೆಗಳು ಕಡಲಿಗೆ ತಂದು ಹಾಕುತ್ತವೆ. ಸೀಮೆಸುಣ್ಣದ ಗುಡ್ಡದಲ್ಲಿ ಆ ಗಾತ್ರದ್ದು ಏನೂ ಇಲ್ಲ. ಒಂದೋ ಹಿಟ್ಟು, ಇಲ್ಲಾ ಗುಂಡು. ನಡುವೆ ರವೆ ಇಲ್ಲ!

ಶುಂಠಿ ಆಕಾರದ ಗಂಟು ಉರುಟಾಗುವುದು ಒಂದಕ್ಕೊಂದು ಬಡಿದು. ಮೊದಲು ಕವಲುಗಳು ಮುರಿಯುತ್ತವೆ, ಆಮೇಲೆ ಮೂಲೆಗಳು ಸವೆಯುತ್ತವೆ. ಒಂದು ಒಳ್ಳೆ ನುಣುಪಾದ ಕಲ್ಲನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ. ಮೈತುಂಬಾ ಉಗುರಿನ ಗುರುತಿನಂಥ ಸಣ್ಣ ಸಣ್ಣ ಅರ್ಧಚಂದ್ರಗಳಿರುತ್ತವೆ. ಪ್ರತಿಯೊಂದೂ ಬೇರೆ ಕಲ್ಲಿನಿಂದ ತಿಂದ ಒಂದು ಪೆಟ್ಟು. ಹಾಗಂತ ಇಲ್ಲಿರುವ ಎಲ್ಲ ಕಲ್ಲೂ ಈಗಿನ ಬಂಡೆಯಿಂದ ಬಿದ್ದದ್ದಲ್ಲ. ಸುಮಾರು 20 ಸಾವಿರ ವರ್ಷದ ಹಿಂದೆ, ಹಿಮಯುಗದ ಕಡುಚಳಿಯಲ್ಲಿ, ಸಮುದ್ರ ಈಗಿಗಿಂತ ನೂರಿಪ್ಪತ್ತು ಮೀಟರ್ ಕೆಳಗಿತ್ತು. ಚಾನೆಲ್ ಒಣನೆಲವಾಗಿತ್ತು. ಆಗ ಅಲ್ಲಿ ಹರಡಿಕೊಂಡಿದ್ದ ಹಳೇ ಚಕಮಕಿ ಕಲ್ಲನ್ನು ಏರುತ್ತಾ ಬಂದ ಸಮುದ್ರ ತಳ್ಳಿಕೊಂಡು ಬಂತು. ಆ ದಾಸ್ತಾನು ಈಗ ಬರುವುದು ನಿಂತಿದೆ. ಹೊಸ ಕಲ್ಲು ಬರಬೇಕೆಂದರೆ ಬಂಡೆಯೇ ಬೀಳಬೇಕು.

ಸ್ವಲ್ಪ ಹೊತ್ತು ಸುಮ್ನೆ ಕೂತು ಕೇಳಿ. ಅಲೆ ಬರುವಾಗ ಎಲ್ಲ ಕಡಲಿನ ಹಾಗೇ ಸದ್ದು. ಹಿಂದೆ ಹೋಗುವಾಗಲೇ ಮಜಾ. ಗೋಣಿಚೀಲದಿಂದ ಅಡಿಕೆ ಸುರಿದಂತೆ ಗಲಗಲ ಅನ್ನುತ್ತದೆ. ಅಲೆ ಕಲ್ಲುಗಳನ್ನು ಎಳೆದುಕೊಂಡು ಇಳಿಯುವ ಸದ್ದು ಅದು. ಮೇಲೆ ಬರುವಾಗ ಅಲೆಗೆ ಪೂರ್ತಿ ಬಲವಿರುತ್ತದೆ. ಆದರೆ ಬಂದ ನೀರಿನಲ್ಲಿ ಬಹುಪಾಲು ಕಲ್ಲಿನ ಸಂದಿಗಳಲ್ಲಿ ಇಂಗಿಹೋಗುತ್ತದೆ. ಹಾಗಾಗಿ ವಾಪಸ್ ಎಳೆಯುವ ಬಲ ಕಡಿಮೆ. ಮೇಲಕ್ಕೆ ಬಂದ ಕಲ್ಲು ಮೇಲೇ ಉಳಿಯುತ್ತದೆ. ಇದಕ್ಕೇ ಗುಂಡುಕಲ್ಲಿನ ಬೀಚು ಮರಳಿನ ಬೀಚಿಗಿಂತ ಕಡಿದು. ಮೆಟ್ಟಿಲು ಮೆಟ್ಟಿಲಾಗಿ ದಿಬ್ಬ ಕಟ್ಟಿರುತ್ತದೆ. ಈಜಲು ಇಳಿಯುವವರು ಇದನ್ನು ಮರೆಯಬಾರದು, ನಾಲ್ಕು ಹೆಜ್ಜೆಗೆ ಆಳ ಶುರು.

ಇದೇ ಇಂಗಿಸುವ ಗುಣ ಊರನ್ನು ಕಾಯುತ್ತಿದೆ. ಬಿರುಗಾಳಿಯ ದಿನ ಬಂಡೆಯನ್ನೋ ಊರಿನ ಮುಂದಿನ ಗೋಡೆಯನ್ನೋ ಗುದ್ದಬೇಕಾದ ಅಲೆ ಮೊದಲು ಈ ಕಲ್ಲುರಾಶಿಯ ಮೇಲೆ ಬಿದ್ದು ಶಕ್ತಿ ಕಳೆದುಕೊಳ್ಳುತ್ತದೆ. ಬಂಡೆ ಬಿದ್ದು ಬೀಚಾಯಿತು, ಬೀಚು ಈಗ ಬಂಡೆಯನ್ನು ಕಾಯುತ್ತಿದೆ. ರಾಶಿ ತೆಳುವಾದ ಕಡೆ ಸಮುದ್ರ ನೇರ ಬುಡಕ್ಕೇ ಕೈ ಹಾಕುತ್ತದೆ.

ಹಾಗಾಗಿಯೇ ಎತ್ರೆತಾದಲ್ಲಿ ಒಂದು ಕಲ್ಲನ್ನೂ ಒಯ್ಯುವಂತಿಲ್ಲ. ಬೋರ್ಡು ಹಾಕಿದ್ದಾರೆ, ದಂಡವೂ ಇದೆ. ಒಂದು ಕಲ್ಲಿಗೆ ಇಷ್ಟು ರಂಪಾನಾ ಅನ್ನಿಸಬಹುದು. ನಂಗೂ ಅನ್ನಿಸಿತ್ತು. ಲೆಕ್ಕ ಹಾಕಿ ನೋಡಿ. ದಿನಕ್ಕೆ ಐದು ಸಾವಿರ ಜನ ಬಂದು ತಲಾ ಕಾಲು ಕೇಜಿಯ ಒಂದೊಂದು ಕಲ್ಲು ಜೇಬಿಗೆ ಹಾಕಿದರೆ ಒಂದೂಕಾಲು ಟನ್ ಆಯಿತು. ಹಿಂದೆ ಈ ತೀರದಲ್ಲಿ ಕಲ್ಲು ಆಯುವುದು ಒಂದು ಕಸುಬೇ ಆಗಿತ್ತು. ಚಕಮಕಿಯನ್ನು ಸುಟ್ಟರೆ ಬೆಳ್ಳಗಾಗುತ್ತದೆ. ಅದನ್ನು ಅರೆದು ಪಿಂಗಾಣಿಗೆ ಬೆರೆಸುತ್ತಿದ್ದರು. ಗಟ್ಟಿ ಕಲ್ಲಾದ್ದರಿಂದ ಅರೆಯುವ ಯಂತ್ರಗಳ ಒಳಗೆ ಗುಂಡುಗಳಾಗಿಯೂ ಹೋಗುತ್ತಿತ್ತು. ಬೀಚು ತೆಳುವಾಗುವುದು ಕಣ್ಣಿಗೆ ಬಿದ್ದ ಮೇಲೆ ಆ ಕಸುಬಿಗೆ ಕಡಿವಾಣ ಬಿತ್ತು.

ಕಲ್ಲು ನಿಂತಲ್ಲಿ ನಿಲ್ಲುವುದೂ ಇಲ್ಲ. ಇಲ್ಲಿ ಗಾಳಿ, ಅಲೆ ಹೆಚ್ಚಾಗಿ ಪಶ್ಚಿಮದಿಂದ ಬರುತ್ತವೆ. ಅಲೆ ದಂಡೆಗೆ ಓರೆಯಾಗಿ ಬಡಿದು, ನೇರವಾಗಿ ಕೆಳಗಿಳಿಯುತ್ತದೆ. ಹೀಗೆ ಅಂಕುಡೊಂಕಾಗಿ ಕಲ್ಲುಗಳು ಈಶಾನ್ಯಕ್ಕೆ ಪಯಣ ಮಾಡುತ್ತಾ ಇರುತ್ತವೆ. ದಾರಿಯಲ್ಲಿ ಬಂದರಿನ ಕಟ್ಟೆ ಅಡ್ಡ ಬಂದರೆ ಒಂದು ಬದಿ ರಾಶಿ ಬೀಳುತ್ತದೆ, ಇನ್ನೊಂದು ಬದಿ ಬೋಳಾಗುತ್ತದೆ. ಬೋಳಾದ ಕಡೆಗೆ ಬೇಲಿಯಂಥ ಅಡ್ಡಗೋಡೆಗಳನ್ನು ಕಟ್ಟಿ ಕಲ್ಲು ಹಿಡಿದಿಡಬೇಕು, ಇಲ್ಲವೇ ಲಾರಿಯಲ್ಲಿ ತಂದು ಸುರಿಯಬೇಕು. ಮೊದಲಿಗೆ ತಮಾಷೆಗೆ ಹೇಳಿದ ಲಾರಿ ಕೆಲವು ಊರುಗಳಲ್ಲಿ ನಿಜವೇ!

ಈ ಕಲ್ಲು ಯುದ್ಧದಲ್ಲೂ ಪಾತ್ರ ವಹಿಸಿದೆ. ಇದೇ ತೀರದಲ್ಲಿ ಈಶಾನ್ಯಕ್ಕೆ ಹೋದರೆ ದಿಯೆಪ್ ಸಿಗುತ್ತದೆ. ಅಲ್ಲೂ ಹಳೇ ಊರು, ಬಿಳಿ ಬಂಡೆ, ಗುಂಡುಕಲ್ಲಿನ ಬೀಚು. 1942ರ ಆಗಸ್ಟ್ 19ರಂದು ಮಿತ್ರಪಡೆ ಅಲ್ಲಿ ದಾಳಿಗೆ ಇಳಿಯಿತು. ಇಳಿದವರಲ್ಲಿ ಸುಮಾರು 5,000 ಜನ ಕೆನಡಾದವರು. ಟ್ಯಾಂಕುಗಳು ದಡ ಹತ್ತಲು ನೋಡಿದಾಗ ಕಲ್ಲು ಅವುಗಳ ಚೈನಿನ ಸಂದಿಗೆ ಸಿಕ್ಕಿಕೊಂಡಿತು. ಕಡಿದಾದ ರಾಶಿಯಲ್ಲಿ ಚಕ್ರ ಸುಮ್ಮನೆ ತಿರುಗಿತು, ಕೆಲವದರ ಚೈನೇ ಕಳಚಿತು. ಬಂಡೆಗಳ ಮೇಲಿನಿಂದ ಜರ್ಮನ್ನರ ಗುಂಡಿನ ಮಳೆ. ಕೆನಡಾದ 900ಕ್ಕೂ ಜಾಸ್ತಿ ಸೈನಿಕರು ಸತ್ತರು. ಚಪ್ಪಲಿ ಜಾರುವ ಕಲ್ಲಿನ ಮೇಲೆ ಟ್ಯಾಂಕು ಜಾರಿದ್ದರಲ್ಲಿ ಆಶ್ಚರ್ಯವೇನಿಲ್ಲ. ಆಶ್ಚರ್ಯ ಅಂದರೆ ಅದು ಮೊದಲೇ ಯಾರ ತಲೆಗೂ ಸರಿಯಾಗಿ ಹೋಗದೇ ಇದ್ದದ್ದು.

ಎತ್ರೆತಾಕ್ಕೆ ಜನ ಬರುವುದು ಕಲ್ಲು ನೋಡಲು ಅಲ್ಲ ಬಿಡಿ, ಕಮಾನು ನೋಡಲು. ಎಡಗಡೆಯ ಪೋರ್ತ್ ದಾವಾಲ್ ಅನ್ನುವ ಕಮಾನು ಆನೆ ಸಮುದ್ರಕ್ಕೆ ಸೊಂಡಿಲು ಇಳಿಬಿಟ್ಟಂತೆ ಕಾಣುತ್ತದೆ. ಪಕ್ಕದಲ್ಲಿ 50 ಮೀಟರ್‌ಗೂ ಎತ್ತರದ ಒಂಟಿ ಸೂಜಿಬಂಡೆ. ಅದರಾಚೆ ಎಲ್ಲಕ್ಕಿಂತ ದೊಡ್ಡ ಕಮಾನು, ಮಾನ್‌ಪೋರ್ತ್. ಇಲ್ಲಿಯ ಸುಣ್ಣದಲ್ಲಿ ಕೆಲವು ಪದರಗಳು ಬೇರೆ ಕಡೆಗಿಂತ ಗಟ್ಟಿ. ಗಟ್ಟಿ ಪದರ ಚಾವಣಿಯಾಗಿ ನಿಲ್ಲುತ್ತದೆ, ಬಿರುಕಿದ್ದ ಕಡೆ ಅಲೆ ಗುಹೆ ಕೊರೆಯುತ್ತದೆ. ಮೂಗಿನಂತೆ ಚಾಚಿದ ಬಂಡೆಯ ಎರಡೂ ಬದಿಯ ಗುಹೆ ಕೂಡಿದರೆ ಕಮಾನು. ಕಮಾನಿನ ನೆತ್ತಿ ಬಿದ್ದರೆ ಉಳಿಯುವುದು ಒಂಟಿ ಕಂಬ. ಸೂಜಿಬಂಡೆ ಈ ದಾರಿ ಮುಗಿಸಿದೆ, ಆನೆ ಇನ್ನೂ ದಾರಿಯಲ್ಲಿದೆ.

ಈ ಕಮಾನುಗಳನ್ನು ಫ್ರೆಂಚ್ ಚಿತ್ರಕಾರ ಕ್ಲೋದ್ ಮೊನೆ ಹತ್ತಾರು ಸಲ ಬರೆದ. 1885ರ ನವೆಂಬರಿನಲ್ಲಿ ಮಾನ್‌ಪೋರ್ತ್ ಹತ್ತಿರ ಬಂಡೆಯ ಬುಡದಲ್ಲಿ ಕೂತು ಚಿತ್ರ ಬರೆಯುತ್ತಿದ್ದ. ನೀರು ಇಳಿಯುತ್ತಿದೆ ಅಂತ ನಂಬಿದ್ದ. ಅದು ಏರುತ್ತಿತ್ತು. ಒಂದು ಅಲೆ ಎತ್ತಿ ಬಂಡೆಗೆ ಬಡಿದು ಎಳೆದುಕೊಂಡು ಹೋಯಿತು. ಕ್ಯಾನ್ವಾಸು, ಸ್ಟ್ಯಾಂಡು ಎಲ್ಲ ಸಮುದ್ರಪಾಲು. ಗಡ್ಡಕ್ಕೆಲ್ಲ ಬಣ್ಣ ಮೆತ್ತಿಕೊಂಡು ತೆವಳಿ ಹೊರಬಂದ ಕಥೆಯನ್ನು ಅವನೇ ಪತ್ರದಲ್ಲಿ ಬರೆದಿದ್ದಾನೆ. ಅದೇ ಜಾಗಕ್ಕೆ ತಿಂಗಳುಗಟ್ಟಲೆ ಬಂದು ಕೂತವನಿಗೇ ಹೀಗಾಗಿದೆ. ಅರ್ಧ ದಿನಕ್ಕೆ ಬಂದ ನಮ್ಮ ಪಾಡೇನು?

ಯಾಕೆ ಇಷ್ಟು ಅಪಾಯ ಅಂದರೆ, ಕಾರವಾರದ ಕಡೆ ಉಬ್ಬರಕ್ಕೂ ಇಳಿತಕ್ಕೂ ವ್ಯತ್ಯಾಸ ಸುಮಾರು ಎರಡು ಮೀಟರ್. ಇಲ್ಲಿ ಅಮಾವಾಸ್ಯೆ-ಹುಣ್ಣಿಮೆಯ ಆಸುಪಾಸಿನಲ್ಲಿ ಎಂಟು ಮೀಟರ್ ಹತ್ತಿರ ಹೋಗುತ್ತದೆ. ಅಂದರೆ ಎರಡೂವರೆ ಮಹಡಿ ಮನೆಯಷ್ಟು ನೀರು ಆರು ಗಂಟೆಯಲ್ಲಿ ಏರುತ್ತದೆ. ಕಮಾನಿನಾಚೆಯ ಬೀಚಿಗೆ ಹೋದವರ ಹಿಂದೆ ನೀರು ಬಾಗಿಲು ಹಾಕಿದರೆ, ಮುಂದೆ ಇರುವುದು ಹತ್ತಲಾಗದ ಗೋಡೆ. ಉಬ್ಬರದ ವೇಳಾಪಟ್ಟಿ ಮೊದಲೇ ನೋಡಿಕೊಳ್ಳಿ, ದಿನದಿನಕ್ಕೂ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತಿರುತ್ತದೆ. ಬಂಡೆಯ ಬುಡದಲ್ಲಿ ನೆರಳು ಅಂತ ಕೂರಬೇಡಿ, ಮೇಲಿನಿಂದ ಕಲ್ಲು ಬೀಳುತ್ತದೆ. ಮೇಲೆ ಹತ್ತಿದರೆ ಫೋಟೋ ಆಸೆಗೆ ಅಂಚಿಗೆ ಹೋಗಬೇಡಿ, ನಿಮ್ಮ ಕಾಲ ಕೆಳಗೆ ಹುಲ್ಲು ಮಾತ್ರ ಇರಬಹುದು. ದಪ್ಪ ಅಟ್ಟೆಯ ಶೂ ಹಾಕಿಕೊಳ್ಳಿ. ಚಪ್ಪಲಿಯ ವಿಷಯ ಆಗಲೇ ಹೇಳಿದೆ.

ಇಳಿತದ ಹೊತ್ತಿಗೆ ಹೋದರೆ ಇನ್ನೊಂದು ನೋಡಬಹುದು. ಕಲ್ಲುರಾಶಿಯ ಕೆಳಗೆ ಪಾಚಿ ಹಿಡಿದ ಸುಣ್ಣದ ಹಾಸು ಬಯಲಾಗುತ್ತದೆ. 18ನೇ ಶತಮಾನದಲ್ಲಿ ಸಿಂಪಿ ಸಾಕಲು ಅದರಲ್ಲಿ ಕೆತ್ತಿದ ತೊಟ್ಟಿಗಳ ಗುರುತು ಇನ್ನೂ ಕಾಣುತ್ತದೆ. ಕಲ್ಲುಗಳ ಅಡಿಯಿಂದ ಅಲ್ಲಲ್ಲಿ ಸಣ್ಣ ನೀರಿನ ಎಳೆಗಳು ಸಮುದ್ರದ ಕಡೆ ಹರಿಯುತ್ತಿರುತ್ತವೆ. ಉಬ್ಬರದ ನೀರು ಇನ್ನೂ ಬಸಿಯುತ್ತಿದೆ ಅಂದುಕೊಂಡಿದ್ದೆ. ಅಲ್ಲವಂತೆ. ಎತ್ರೆತಾ ಇರುವುದು ಒಂದು ಕಣಿವೆಯ ಬಾಯಲ್ಲಿ, ಆದರೆ ಕಣಿವೆಯಲ್ಲಿ ಹೊಳೆ ಕಾಣುವುದಿಲ್ಲ. ಬಿರುಕುಬಿಟ್ಟ ಸುಣ್ಣದ ನೆಲ ಮಳೆಯನ್ನೆಲ್ಲ ಕುಡಿದುಬಿಡುತ್ತದೆ. ಹೊಳೆ ನೆಲದೊಳಗೇ ಹರಿದು, ಊರಿನ ಅಡಿಯಲ್ಲೇ ದಾಟಿ, ಬೀಚಿನ ಕಲ್ಲಿನಡಿ ತಲೆ ಎತ್ತುತ್ತದೆ. ಹಿಂದೆ ಊರಿನ ಹೆಂಗಸರು ಇಳಿತದ ಹೊತ್ತು ನೋಡಿಕೊಂಡು ಬಟ್ಟೆಗಂಟು ಹೊತ್ತು ಇಲ್ಲಿಗೆ ಬರುತ್ತಿದ್ದರು. ಕಲ್ಲು ಸರಿಸಿ ಗುಂಡಿ ಮಾಡಿ, ತುಂಬಿದ ಸಿಹಿನೀರಿನಲ್ಲಿ ಒಗೆದು, ಅದೇ ಗುಂಡುಕಲ್ಲಿನ ಮೇಲೆ ಹರವಿ ಒಣಗಿಸುತ್ತಿದ್ದರು. ನೀರು ಏರುವುದರೊಳಗೆ ಕೆಲಸ ಮುಗಿಯಬೇಕು.

ನಾನೂ ಕೂತು ನಾಲ್ಕು ಕಲ್ಲು ಪಕ್ಕಕ್ಕೆ ಸರಿಸಿದೆ. ಗುಂಡಿ ನಿಧಾನಕ್ಕೆ ತುಂಬಿತು. ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದೆ. ಹತ್ತು ಮಾರು ಆಚೆ ಸಮುದ್ರ ಗಲಗಲ ಅನ್ನುತ್ತಿತ್ತು. ಬೆರಳ ತುದಿಯ ನೀರು ಸಪ್ಪಗೆ, ತಣ್ಣಗೆ, ಬಾವಿಯ ನೀರಿನ ಹಾಗಿತ್ತು.